ಏರಿನಲ್ಲಿ ತಪ್ಪಿದ ಕಿಡಿ

ಹತ್ತಿ ಕೂತುಕೊಳ್ಳಿ. ಸೀಟು ಬೆಚ್ಚಗಿದೆ ಅನ್ನಿಸಿದರೆ ಗಾಬರಿ ಬೇಡ, ಈ ಗಾಡಿಯ ಎಂಜಿನ್ನು ಇರುವುದೇ ನಿಮ್ಮ ಸೀಟಿನ ಕೆಳಗೆ. ಹಿಂದೆ ನಲವತ್ತು ಕ್ರೇಟು ಟೊಮೆಟೊ, ಒಂದೊಂದರಲ್ಲಿ 15 ಕಿಲೋ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಹರಾಜು ಮುಗಿದು, ಲೋಡಾಗಿ, ಹಗ್ಗ ಬಿಗಿದು, ಗೇಟು ದಾಟುವಾಗ ಗಂಟೆ ಎಂಟೂವರೆ. ಹೊರಗೆ ಸಾಲಾಗಿ ನಿಂತಿರುವ ದೊಡ್ಡ ಪಿಕಪ್ಪುಗಳು ಹೆಚ್ಚುಕಡಿಮೆ ಎಲ್ಲ ಡೀಸೆಲ್ಲು. ಅವುಗಳಿಗೆ ಸ್ಪಾರ್ಕ್ ಪ್ಲಗ್ಗಿನ ಗೊಡವೆಯೇ ಇಲ್ಲ. ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ನೀವು ಕೂತಿರುವುದು ಚಿಕ್ಕದು: ನಾಲ್ಕು ಸಿಲಿಂಡರು, ಸಿಎನ್‌ಜಿ ಮತ್ತು ಪೆಟ್ರೋಲು ಎರಡರಲ್ಲೂ ಓಡುವಂಥದ್ದು. ಸ್ಟೇರಿಂಗ್ ಹಿಡಿದ ಹುಡುಗನಿಗೆ ಮೂವತ್ತರೊಳಗಿನ ವಯಸ್ಸು. ಗಾಡಿ ಅವನದೇ, ಕಂತು ಇನ್ನೂ ತೀರಿಲ್ಲ.

ಹೆದ್ದಾರಿಯ ಮೇಲ್ಸೇತುವೆ ಬಂತು. ಅವನು ಆಕ್ಸಿಲೇಟರ್ ತುಳಿಯುತ್ತಾನೆ. ಗಾಡಿ ಏರು ಹಿಡಿಯುತ್ತದೆ, ಅರ್ಧಕ್ಕೆ ಬರುತ್ತಲೂ ನಿಮ್ಮ ತೊಡೆಯ ಕೆಳಗೆ ಏನೋ ಮುಗ್ಗರಿಸುತ್ತದೆ. ತಟ್. ಮತ್ತೆ ಸರಿ. ಮತ್ತೆ ತಟ್, ತಟ್. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಜ್ಜೆ ತಪ್ಪಿಸಿದರೆ ದೇವರು ಹೇಗೆ ವಾಲುತ್ತಾನೋ ಹಾಗೆ ಇಡೀ ಕ್ಯಾಬಿನ್ನು ಒಂದು ಗಳಿಗೆ ವಾಲಿ ಸುಧಾರಿಸಿಕೊಳ್ಳುತ್ತದೆ. ಮೀಟರಿನ ಪಕ್ಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಮಿಣುಕತೊಡಗಿದೆ.

“ಕೇಳಿಸ್ತಾ? ಮೂರು ದಿನದಿಂದ ಹಿಂಗೇ. ಖಾಲಿ ಗಾಡೀಲಿ ಏನೂ ಇಲ್ಲ. ಲೋಡ್ ಹಾಕಿ ಏರಿಗೆ ಬಂದ್ರೆ ಮಿಸ್ಸಿಂಗ್.”

ಅವನು ಡ್ಯಾಶ್‌ಬೋರ್ಡಿನ ಸ್ವಿಚ್ಚು ಒತ್ತಿ ಗ್ಯಾಸಿನಿಂದ ಪೆಟ್ರೋಲಿಗೆ ಹೊರಳಿಸುತ್ತಾನೆ. ನಾಲ್ಕೈದು ಸೆಕೆಂಡಿನಲ್ಲಿ ಮುಗ್ಗರಿಕೆ ನಿಲ್ಲುತ್ತದೆ. ದೀಪ ಮಿಣುಕುವುದು ಬಿಟ್ಟು ಒಂದೇ ಸಮ ಉರಿಯುತ್ತದೆ. ಅವನ ಭುಜ ಇಳಿಯುವುದು ನಿಮಗೆ ಕಾಣುತ್ತದೆ. “ನೋಡಿದ್ರಾ? ಗ್ಯಾಸಿಂದೇ ಪ್ರಾಬ್ಲಮ್ಮು. ರೆಗ್ಯುಲೇಟರ್ ಹೋಗಿರ್ಬೇಕು.”

ಇಲ್ಲಿ ನೀವು ಸ್ವಲ್ಪ ತಡೆಯಬೇಕು. ಮುಂದಿನ ಏರಿನಲ್ಲಿ, ಪೆಟ್ರೋಲಿನಲ್ಲೇ, ನಾಲ್ಕನೇ ಗೇರಿನಲ್ಲಿ ಕಾಲನ್ನು ಪೂರ್ತಿ ಒತ್ತುವಾಗ ಸೀಟಿನ ಮೇಲೆ ಅಂಗೈ ಇಡಿ. ಬಂತೇ? ಒಂದೇ ಒಂದು ಸಲ, ಬಿಕ್ಕಳಿಕೆಯಷ್ಟು. ಗ್ಯಾಸಿನ ದೋಷವಾಗಿದ್ದರೆ ಪೆಟ್ರೋಲಿನಲ್ಲಿ ಇದು ಬರಬಾರದಿತ್ತು. ಅವನಿಗೂ ತಿಳಿಯಿತು. ಮಾತಾಡದೆ ಮುಂದಿನ ತಿರುವಿನಲ್ಲಿ ಗಾಡಿ ಹಿಂತಿರುಗಿಸುತ್ತಾನೆ.

ಹೊಂಗೆ ಮರದ ಕೆಳಗೆ ತಗಡಿನ ಶೆಡ್ಡು. ನೆಲವೆಲ್ಲ ಆಯಿಲ್ ಕುಡಿದು ಕಪ್ಪಾಗಿದೆ. ಅರವತ್ತು ದಾಟಿದ ಮೆಕ್ಯಾನಿಕ್ಕು ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಎಲ್ಲರಿಗೂ ಅವರು ಭಾಯ್.

“ಏನಪ್ಪಾ, ಲೋಡ್ ಸಮೇತ ಬಂದ್ಬಿಟ್ಟೆ?”

“ಏರಲ್ಲಿ ಪಿಕಪ್ಪೇ ಇಲ್ಲ ಭಾಯ್. ಲೈಟ್ ಬೇರೆ ಮಿಣುಕ್ತಿತ್ತು.”

“ಮಿಣುಕ್ತಿತ್ತೋ, ಸುಮ್ನೆ ಉರೀತಿತ್ತೋ?”

ಈ ಪ್ರಶ್ನೆ ಕಿವಿಗೆ ಬೀಳಲಿ. ಉರಿಯುವ ದೀಪ ‘ತೋರಿಸಿಕೋ’ ಅನ್ನುತ್ತದೆ. ಮಿಣುಕುವ ದೀಪ ‘ಈಗಲೇ ಕಾಲು ತೆಗಿ’ ಅನ್ನುತ್ತದೆ. ಕಿಡಿ ತಪ್ಪಿದ ಸಿಲಿಂಡರಿನ ಇಂಧನ ಉರಿಯದೆ ಹಾಗೇ ಹೊರಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಅದರ ಒಳಗಿನ ಜೇನುಗೂಡಿನಂಥ ಅಚ್ಚು ಆ ಬಿಸಿಗೆ ಕರಗಿಹೋಗಬಹುದು. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್-6 ಗಾಡಿಗಳಲ್ಲಿ ಈ ಭಾಗದ ಬೆಲೆ ಕೇಳಿದರೆ ನಾಲ್ಕು ಪ್ಲಗ್ಗಿನ ಲೆಕ್ಕ ಚಿಲ್ಲರೆಯಾಗಿ ಕಾಣುತ್ತದೆ. ಮೂರು ದಿನ ಇದನ್ನು ಹಾಗೇ ಓಡಿಸಿದ್ದಾನೆ ಹುಡುಗ. ಇನ್ನೊಂದು ವಾರ ಓಡಿಸಿದ್ದರೆ? ನನಗೆ ಎದೆ ಹೊಡೆದುಕೊಳ್ಳುವುದು ಅಲ್ಲೇ.

ಭಾಯ್ ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತಾರೆ. ತೆರೆಯ ಮೇಲೆ ಒಂದು ಕೋಡು, ಪಿ0303. ಕೊನೆಯ ಅಂಕಿಯೇ ಸಿಲಿಂಡರಿನ ನಂಬರು: ಮೂರನೆಯದು ಕಿಡಿ ತಪ್ಪಿಸುತ್ತಿದೆ. ಹುಡುಗ ಆಗಲೇ “ಹಾಗಾದ್ರೆ ಕಾಯಿಲ್” ಅನ್ನುತ್ತಾನೆ. ಭಾಯ್ ಏನೂ ಅನ್ನುವುದಿಲ್ಲ. ಸೀಟನ್ನು ಮೇಲೆತ್ತಿ, ಪ್ಲಗ್ಗಿಗೆ ವೋಲ್ಟೇಜು ಕೊಡುವ ಮೂರನೇ ಕಾಯಿಲನ್ನು ಬಿಚ್ಚಿ ಒಂದನೆಯದರ ಜಾಗಕ್ಕೆ, ಅಲ್ಲಿಯದನ್ನು ಇಲ್ಲಿಗೆ ಹಾಕಿ, ಕೋಡು ಅಳಿಸಿ, “ಅದೇ ಏರಿಗೆ ಒಂದು ಸಲ ಹೋಗಿ ಬಾ, ಗ್ಯಾಸಲ್ಲಿ” ಅನ್ನುತ್ತಾರೆ. ನೀವೂ ಹೋಗುತ್ತೀರಿ. ತಟ್, ತಟ್. ಹಿಂತಿರುಗಿ ಬಂದು ನೋಡಿದರೆ ಮತ್ತೆ ಪಿ0303. ಕಾಯಿಲ್ ಕೆಟ್ಟಿದ್ದರೆ ದೂರು ಅದರ ಹಿಂದೆಯೇ ಒಂದನೇ ಸಿಲಿಂಡರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಒಂದು ರೂಪಾಯಿಯ ಸಾಮಾನು ಕೊಳ್ಳದೆ ಒಂದು ಅನುಮಾನ ತೀರಿತು. ಈ ಶೆಡ್ಡಿನ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಹತ್ತು ನಿಮಿಷದಲ್ಲಿ.

“ಪ್ಲಗ್ ತೆಗೀಬೇಕು. ಆದ್ರೆ ಈಗಲ್ಲ, ಆರ್ಲಿ.”

“ಎಷ್ಟೊತ್ತು ಭಾಯ್? ಟೊಮೆಟೊ ಇದೆ.”

“ಮುಕ್ಕಾಲು ಗಂಟೆ. ಹೆಡ್ಡು ಅಲ್ಯೂಮಿನಿಯಂ. ಬಿಸೀಲಿ ತಿರುಗಿಸಿದ್ರೆ ಥ್ರೆಡ್ಡೇ ಕಿತ್ಕೊಂಡು ಬರುತ್ತೆ. ಆಮೇಲೆ ಮುಕ್ಕಾಲು ಗಂಟೆ ಅಲ್ಲ, ಎರಡು ದಿನ.”

ಹುಡುಗ ಲೋಡಿನ ಮೇಲೆ ಟಾರ್ಪಾಲು ಎಳೆದು, ಗಾಡಿಯನ್ನು ತಳ್ಳಿಸಿ ನೆರಳಿಗೆ ತರುತ್ತಾನೆ. ಬೆಂಗಳೂರಿನ ಮಂಡಿಗೆ ಫೋನು ಹಚ್ಚುತ್ತಾನೆ. “ಅಣ್ಣಾ, ಸ್ವಲ್ಪ ಲೇಟಾಗುತ್ತೆ... ಇಲ್ಲಣ್ಣಾ, ಮಾಲು ಚೆನ್ನಾಗಿದೆ...” ದನಿಯಲ್ಲಿ ಅಂಗಲಾಚಿಕೆ ಇದೆ. ಪೆಟ್ರೋಲಿನಲ್ಲೇ ಮೆಲ್ಲಗೆ ಹೋಗಿಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತಿದೆ. ಹೋಗಬಹುದಿತ್ತು. ಎಪ್ಪತ್ತು ಕಿಲೋಮೀಟರು ಹೋಗಿಯೂ ಸೇರುತ್ತಿತ್ತೇನೋ. ಆದರೆ ಹೊಸಕೋಟೆಯ ಟ್ರಾಫಿಕ್ಕಿನಲ್ಲಿ ನಿಂತು ಹೊರಡುವಾಗ ಆ ದೀಪ ಮತ್ತೆ ಮಿಣುಕಿದರೆ ಆಗ ಇರುವುದು ರಸ್ತೆಬದಿಯ ಬಿಸಿಲು, ಈ ಹೊಂಗೆ ನೆರಳಲ್ಲ.

ಕಾಯುವ ಹೊತ್ತಿಗೆ ಹುಡುಗ ಗ್ಲೋವ್ ಬಾಕ್ಸಿನಿಂದ ಗಾಡಿಯ ಪುಸ್ತಕ ತೆಗೆಯುತ್ತಾನೆ. “ನೋಡಿ ಭಾಯ್, ಪ್ಲಗ್ಗಿಗೆ 40,000 ಅಂತಿದೆ. ನಾನು ಹಾಕ್ಸಿ 26,000 ಆಗಿದೆ ಅಷ್ಟೆ.” ಭಾಯ್ ಕನ್ನಡಕ ಏರಿಸಿ ಎರಡು ಹಾಳೆ ಮುಂದಕ್ಕೆ ಮಗುಚಿ ಬೆರಳಿಡುತ್ತಾರೆ. ಧೂಳು, ಭಾರ, ನಿಂತು ನಿಂತು ಹೊರಡುವ ಓಟ ಇದ್ದರೆ ಎಲ್ಲವನ್ನೂ ಬೇಗ ನೋಡಿ ಎಂದು ಅಲ್ಲಿದೆ. “ನಿನ್ನ ಗಾಡಿ ಇದ್ರಲ್ಲಿ ಯಾವ್ದು ಮಾಡಲ್ಲ ಹೇಳು.”

ಕಿಲೋಮೀಟರೆಂದರೆ ಪ್ಲಗ್ಗಿಗೆ ಏನು ಎಂದು ನಾನೊಮ್ಮೆ ಕೂತು ಲೆಕ್ಕ ಹಾಕಿದ್ದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಎರಡು ಸುತ್ತಿಗೆ ಒಂದು ಕಿಡಿ. ಅಂದರೆ ಕಿಲೋಮೀಟರಿಗೆ 1,500 ಕಿಡಿ. 26,000 ಕಿಲೋಮೀಟರಿಗೆ 3 ಕೋಟಿ 90 ಲಕ್ಷ. ಒಂದೊಂದು ಕಿಡಿಯೂ ತುದಿಯ ಲೋಹವನ್ನು ಕಣ್ಣಿಗೆ ಕಾಣದಷ್ಟು ತಿನ್ನುತ್ತದೆ. ತಿಂದಷ್ಟೂ ಎರಡು ತುದಿಗಳ ನಡುವಿನ ಗ್ಯಾಪು ಅಗಲವಾಗುತ್ತದೆ. ಅಗಲವಾದಷ್ಟೂ ಅದನ್ನು ಹಾರಲು ಹೆಚ್ಚು ವೋಲ್ಟೇಜು ಬೇಕು. ಕಾಯಿಲ್ಲಿನ ಶಕ್ತಿಗೊಂದು ಮಿತಿ ಇದೆ. ಆಕ್ಸಿಲೇಟರ್ ಪೂರ್ತಿ ತುಳಿದಾಗ ಸಿಲಿಂಡರಿನೊಳಗೆ ಗಾಳಿ ದಟ್ಟವಾಗಿ ಒತ್ತಿಕೊಂಡಿರುತ್ತದೆ; ದಟ್ಟ ಗಾಳಿಯಲ್ಲಿ ಕಿಡಿ ಹಾರುವುದು ಇನ್ನೂ ಕಷ್ಟ. ಖಾಲಿ ಗಾಡಿಯಲ್ಲಿ ಅಡಗಿದ್ದ ರೋಗ ಏರಿನಲ್ಲಿ ಬಾಯಿಬಿಡುವುದು ಇದಕ್ಕೇ. ಗ್ಯಾಸನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜು ಬೇಕು. ಹಾಗಾಗಿ ಅಗಲವಾದ ಗ್ಯಾಪು ಮೊದಲು ಸೋಲುವುದು ಗ್ಯಾಸಿನಲ್ಲಿ, ಬೈಸಿಕೊಳ್ಳುವುದು ರೆಗ್ಯುಲೇಟರು.

“ನಮ್ಮ ಕಾಲ್ದಲ್ಲಿ ಅಂಗಡೀಲಿ ಮೈಕೋ ಪ್ಲಗ್ ಕೊಡಿ ಅಂತಿದ್ವಿ,” ಅನ್ನುತ್ತಾರೆ ಭಾಯ್, ಟೀ ಲೋಟ ಕೆಳಗಿಡುತ್ತ. 1951ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ ಅದು. ಆಡುಗೋಡಿಯ ಕಾರ್ಖಾನೆ, ಅದರ ಹೆಸರು ಹೊತ್ತ ಮೈಕೋ ಲೇಔಟ್ ಎಲ್ಲ ನಮಗೆ ಗೊತ್ತಿರುವುದೇ. 2008ರಲ್ಲಿ ಹೆಸರು ಬಾಷ್ ಎಂದಾಯಿತು. ಈ ಶೆಡ್ಡಿನಲ್ಲಿ ಮಾತ್ರ ಇನ್ನೂ ಮೈಕೋ. “ಆಗ ತಿಂಗಳಿಗೊಮ್ಮೆ ಬಿಚ್ಚಿ ಉಪ್ಪುಕಾಗದ ಹೊಡ್ದು ಹಾಕ್ತಿದ್ವಿ. ಕಾರ್ಬೊರೇಟರ್ ಗಾಡಿ, ಮಸಿ ಜಾಸ್ತಿ. ಈಗ ಮಸಿ ಎಲ್ಲಿ ಬರುತ್ತೆ? ಸವೆಯೋದೇ.”

ಈ ಮಾತನ್ನು ನಾನು ಗಟ್ಟಿಯಾಗಿ ಹೇಳಬಯಸುತ್ತೇನೆ. ಉಪ್ಪುಕಾಗದದಿಂದ ಮಸಿ ಹೋಗುತ್ತದೆ, ಸವೆದ ಲೋಹ ವಾಪಸ್ ಬರುವುದಿಲ್ಲ. ಕಿಡಿ ಹಾರುವುದು ಚೂಪಾದ ಅಂಚಿನಿಂದ. ಅಂಚು ಉರುಟಾದ ಪ್ಲಗ್ಗನ್ನು ಎಷ್ಟು ಹೊಳೆಸಿದರೂ ಅದು ಹಳೆಯ ಪ್ಲಗ್ಗೇ. ಇರಿಡಿಯಂ ತುದಿಯದನ್ನಂತೂ ತಂತಿ ಬ್ರಷ್ಷಿನಿಂದ ಉಜ್ಜಲೇಬಾರದು. ಆ ಸೂಜಿಯಂಥ ತುದಿ ಮುರಿಯುತ್ತದೆ.

ಭಾಯ್ ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. “ಬಾ.”

ಬಗ್ಗಿ ನೋಡಿ. ಮೊದಲು ಏರ್ ಪೈಪಿನಿಂದ ಪ್ಲಗ್ಗಿನ ಗುಂಡಿಗಳಿಗೆ ಗಾಳಿ ಹೊಡೆಯುತ್ತಾರೆ. ಕೆಂಪು ಧೂಳು ಎದ್ದು ಮುಖಕ್ಕೆ ಬರುತ್ತದೆ. ಇಲ್ಲದಿದ್ದರೆ ಇದೆಲ್ಲ ಸಿಲಿಂಡರಿಗೆ ಬೀಳುತ್ತಿತ್ತು. ಉದ್ದನೆಯ ಬಾಕ್ಸ್ ಸ್ಪ್ಯಾನರು ಇಳಿಯುತ್ತದೆ. ‘ಕಟ್’ ಎಂದು ಸಡಿಲವಾದ ಸದ್ದು. ಒಂದೊಂದೇ ಮೇಲೆ ಬರುತ್ತವೆ. ಭಾಯ್ ಅವನ್ನು ಹಳೆಯ ಪೇಪರಿನ ಮೇಲೆ ಸಿಲಿಂಡರಿನ ಕ್ರಮದಲ್ಲೇ ಮಲಗಿಸುತ್ತಾರೆ. ಕ್ರಮ ಕೆಟ್ಟರೆ ಯಾವುದು ಯಾರ ಮಾತು ಎಂದು ತಿಳಿಯುವುದಿಲ್ಲ.

ಒಂದು, ಎರಡು, ನಾಲ್ಕು: ತುದಿಯ ಪಿಂಗಾಣಿ ತಿಳಿ ಬೂದು, ಒಂದಿಷ್ಟು ಬಿಸ್ಕತ್ತಿನ ಬಣ್ಣ. ಒಣಗಿವೆ. ಎಣ್ಣೆಯ ಪಸೆ ಇಲ್ಲ, ಅಂದರೆ ಪಿಸ್ಟನ್ ರಿಂಗು ಗಟ್ಟಿ ಇದೆ. ಗುಳ್ಳೆ ಎದ್ದ ಬಿಳುಪಿಲ್ಲ, ಅಂದರೆ ಅತಿಯಾಗಿ ಕಾದಿಲ್ಲ. ಹುಡುಗ ಹೊರಗಿನ ಪಿಂಗಾಣಿಯ ಬುಡದಲ್ಲಿರುವ ಕಂದು ಉಂಗುರ ತೋರಿಸಿ “ಗ್ಯಾಸ್ ಲೀಕಾ?” ಎಂದು ಕೇಳುತ್ತಾನೆ. ಅಲ್ಲ; ಹೆಚ್ಚಿನ ವೋಲ್ಟೇಜು ಸುತ್ತಲಿನ ಎಣ್ಣೆಯ ಕಣವನ್ನು ಸೆಳೆದು ಅಂಟಿಸಿದ ಕಲೆ, ಅದರಿಂದ ತೊಂದರೆ ಇಲ್ಲ. ಫೀಲರ್ ಗೇಜಿನ ಎಲೆ ಒಳಗೆ ತೂರುತ್ತದೆ. ಈ ಎಂಜಿನ್ನಿಗೆ ಪುಸ್ತಕ ಹೇಳುವ ಗ್ಯಾಪು 1.0 ಮಿಲಿಮೀಟರು. ಒಂದರಲ್ಲಿ 1.2, ಇನ್ನೊಂದರಲ್ಲಿ 1.25, ಮತ್ತೊಂದರಲ್ಲಿ 1.2. ಕಾಲು ಮಿಲಿಮೀಟರಿನೊಳಗಿನ ವ್ಯತ್ಯಾಸ.

ಮೂರನೆಯದನ್ನು ಭಾಯ್ ಬಿಸಿಲಿಗೆ ಹಿಡಿಯುತ್ತಾರೆ. ಉಗುರಿನಿಂದ ಸವರಿ ನಿಮ್ಮ ಕೈಗೆ ಕೊಡುತ್ತಾರೆ. ಮೊದಲು ಏನೂ ಕಾಣದು. ನಿಧಾನಕ್ಕೆ ತಿರುಗಿಸಿ. ಒಳಗಿನ ಪಿಂಗಾಣಿಯ ಮೂಗಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ. ಬಿರುಕು. ಗ್ಯಾಪು ಹಾರುವುದಕ್ಕಿಂತ ಈ ಬಿರುಕಿನಲ್ಲಿ ನುಸುಳುವುದೇ ಕರೆಂಟಿಗೆ ಸುಲಭವಾದಾಗ, ಕಿಡಿ ಅಲ್ಲೇ ಕಳೆದುಹೋಗುತ್ತಿತ್ತು.

“ಹೋದ ಸಲ ಹಾಕಿದೋರು ಕೆಳಗೆ ಬೀಳಿಸಿದ್ರಾ?”

ಹುಡುಗ ಯೋಚಿಸುತ್ತಾನೆ. “ಹೂಂ ಭಾಯ್. ದಾರೀಲಿ ಒಂದು ಕಡೆ ಹಾಕ್ಸಿದ್ದೆ. ಒಂದು ಬಿತ್ತು, ಒರೆಸಿ ಹಾಕಿದ್ರು.”

“ಬಿದ್ದ ಪ್ಲಗ್ಗು ಹಾಕ್ಬಾರ್ದಪ್ಪಾ.”

ಈಗ ನಿಜವಾದ ಪ್ರಶ್ನೆ, ಅದನ್ನು ಹುಡುಗನೇ ಕೇಳುತ್ತಾನೆ: “ಹಂಗಾದ್ರೆ ಮೂರನೇದೊಂದು ಹಾಕಿದ್ರೆ ಸಾಕಲ್ವಾ? ಉಳಿದವು ಚೆನ್ನಾಗಿವೆ.”

ಭಾಯ್ ತಕ್ಷಣ ಉತ್ತರಿಸುವುದಿಲ್ಲ. ಮೂರು ಪ್ಲಗ್ಗುಗಳನ್ನು ಅಂಗೈಯಲ್ಲಿ ಹೊರಳಿಸುತ್ತಾರೆ. “ಸುಳ್ಳು ಹೇಳಲ್ಲ. ಇವು ಇನ್ನೂ ಓಡ್ತವೆ. ಮನೆ ಕಾರು, ಪೆಟ್ರೋಲು, ಇಬ್ರು ಕೂರೋದು ಅಂದಿದ್ರೆ ಒಂದು ಹಾಕಿ ಕಳಿಸ್ತಿದ್ದೆ. ನೀನು ದಿನಾ ಗ್ಯಾಸಲ್ಲಿ 600 ಕಿಲೋ ಹೊತ್ಕೊಂಡು ಏರು ಹತ್ತೋನು. ಇವು ಯಾವತ್ತು ಕೈ ಕೊಡ್ತವೋ ಅವತ್ತೂ ಹಿಂದೆ ಟೊಮೆಟೊ ಇರುತ್ತೆ.”

ನಾನೂ ಹಾಗೇ ಅನ್ನುತ್ತಿದ್ದೆ. ಸೀಟು ಎತ್ತಿದ್ದಾಗಿದೆ, ಎಂಜಿನ್ನು ಆರಿದೆ, ಮಂಡಿಗೆ ಫೋನು ಹೋಗಿದೆ. ಇವತ್ತಿನ ಬೆಲೆ ಹೇಗೂ ತೆತ್ತಾಯಿತು. ನಾಲ್ಕು ನಿಕಲ್ ಪ್ಲಗ್ಗು ಸೇರಿ ಸಾವಿರ ರೂಪಾಯಿಯೊಳಗೆ. ಹುಡುಗ ಇರಿಡಿಯಂ ಬಗ್ಗೆಯೂ ಕೇಳಿದ. ಬೆಲೆ ಹಲವು ಪಟ್ಟು ಹೆಚ್ಚು, ಬಾಳಿಕೆ 1,00,000 ಕಿಲೋಮೀಟರಿನ ಹತ್ತಿರ, ತೆಳು ತುದಿಯಿಂದ ಕಿಡಿ ಹಾರುವುದೂ ಸುಲಭ. ಗ್ಯಾಸಿನ ಗಾಡಿಗೆ ಕೆಟ್ಟ ಆಯ್ಕೆಯೇನಲ್ಲ. ಆದರೆ ಈ ಎಂಜಿನ್ನಿಗೆ ಪುಸ್ತಕ ಹೇಳಿದ ಉಷ್ಣ ಶ್ರೇಣಿಯದೇ ಆಗಬೇಕು. ಅದಕ್ಕಿಂತ ಬಿಸಿಯಾದದ್ದು ಹಾಕಿದರೆ ಕಿಡಿಗೆ ಮುಂಚೆಯೇ ತುದಿಯ ಕೆಂಡಕ್ಕೆ ಇಂಧನ ಹೊತ್ತಿಕೊಳ್ಳುತ್ತದೆ. ಎದುರಿನ ಸ್ಪೇರ್ ಅಂಗಡಿಯಲ್ಲಿ ಈ ನಂಬರಿಗೆ ಇದ್ದದ್ದು ನಿಕಲ್ಲು ಮಾತ್ರ. ಅದೇ ಬಂತು.

ಹೊಸವನ್ನೂ ಭಾಯ್ ಗೇಜಿನಿಂದ ನೋಡುತ್ತಾರೆ. ಮೊದಲು ಬೆರಳಿನಿಂದಲೇ ತಿರುಗಿಸುತ್ತಾರೆ, ಅಡ್ಡಡ್ಡ ಹೋದರೆ ಬೆರಳಿಗೆ ತಿಳಿಯುತ್ತದೆ, ಸ್ಪ್ಯಾನರಿಗೆ ತಿಳಿಯುವುದಿಲ್ಲ. ಕೈಗೆ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಒಂದು ಚೂರು ಜಾಸ್ತಿ, ವಾಷರು ಚಪ್ಪಟೆಯಾಗುವಷ್ಟು. ಕಾಯಿಲ್ಲುಗಳು ತಮ್ಮ ತಮ್ಮ ಜಾಗಕ್ಕೆ. ಕೋಡು ಅಳಿಸಿಯಾಯಿತು. ಸೆಲ್ಫ್ ಹೊಡೆದರೆ ಎಂಜಿನ್ನು ಒಂದೇ ಉಸಿರಿಗೆ ಎದ್ದು ಕೂರುತ್ತದೆ.

ಹತ್ತಿ. ಅದೇ ಮೇಲ್ಸೇತುವೆ, ಗ್ಯಾಸಿನಲ್ಲಿ. ಅಂಗೈ ಸೀಟಿನ ಮೇಲಿರಲಿ. ಅರ್ಧ ಏರು... ಮುಕ್ಕಾಲು... ತುದಿ. ನಡುಕವೊಂದೇ, ಒಂದೇ ಸಮನಾದ ನಡುಕ. ಹಳದಿ ದೀಪದ ಜಾಗ ಕಪ್ಪಗಿದೆ. ಹುಡುಗ ನಿಮ್ಮ ಕಡೆ ನೋಡುವುದಿಲ್ಲ, ರಸ್ತೆ ನೋಡುತ್ತಿದ್ದಾನೆ, ತುಟಿ ಮಾತ್ರ ಸಡಿಲವಾಗಿದೆ.

ಮುಂದೆ ಟೀ ಅಂಗಡಿಯ ಹತ್ತಿರ ಒಂದು ನಿಮಿಷ ನಿಲ್ಲಿಸುತ್ತಾನೆ. ಇಳಿದು, ಕ್ರೇಟುಗಳಿಗೆ ಬರೆಯುವ ಮಾರ್ಕರ್ ತಗೊಂಡು ಸೀಟು ಎತ್ತಿ, ಅದರ ತಗಡಿನ ಒಳಬದಿಯಲ್ಲಿ ಬರೆಯುತ್ತಾನೆ: ಪ್ಲಗ್, 1,04,310. ಅದರ ಕೆಳಗೆ ಸ್ವಲ್ಪ ಹೊತ್ತು ಮಾರ್ಕರನ್ನು ಹಾಗೇ ಹಿಡಿದು ನಿಲ್ಲುತ್ತಾನೆ.

“ಮುಂದಿಂದು ಇಪ್ಪತ್ತು ಸೇರಿಸ್ಲಾ, ಇಪ್ಪತ್ತೈದಾ?” ಎಂದು ನಿಮ್ಮನ್ನು ಕೇಳುತ್ತಾನೆ. ನೀವು ಬಾಯಿ ತೆರೆಯುವ ಮುಂಚೆಯೇ 1,24,000 ಎಂದು ಬರೆದು, ಪಕ್ಕದಲ್ಲಿ ‘ಬಿಚ್ಚಿ ನೋಡು’ ಎಂದು ಸೇರಿಸಿ, ಸೀಟು ಮುಚ್ಚುತ್ತಾನೆ.