ಮಳೆಗಾಲದ ಚಡ್ಡಿಪುರಾಣ

ಪುಣೆಯ ಮಳೆಯನ್ನು ಊರಿನ ಬಂಧುಗಳಿಗೆ ವಿವರಿಸುವುದು ಕಷ್ಟ. ಲೋಣಾವಳದ ಘಟ್ಟದಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮೋಡ, 60-65 ಕಿಲೋಮೀಟರು ಈಚೆಗೆ ಬರುವಷ್ಟರಲ್ಲಿ ಸೊರಗಿ, ನಮ್ಮ ಪಾಲಿಗೆ ಉಳಿಸುವುದು ಸುಮಾರು 700. ಸಹ್ಯಾದ್ರಿಯ ಮಳೆನೆರಳೆಂದರೆ ಇದೇ. ಆದರೆ ಆ 700ರಲ್ಲಿ ಬಹುಪಾಲು, ನಾವು ಆಫೀಸಿಗೆ ಸೈಕಲ್ ಏರುವ ಹೊತ್ತನ್ನೇ ಕಾದಿದ್ದು ಜಿನುಗುತ್ತದೆಯೋ ಎಂದು ನಮಗೆ ಗುಮಾನಿ.

ಒಂದು ಕಾಲಕ್ಕೆ ಪುಣೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಈಗ ರಸ್ತೆಯೆಲ್ಲ ಸ್ಕೂಟರು, ಬೈಕುಗಳದು. ಆದರೂ ಸೈಕಲ್ ಬಿಡದ ಕೆಲವು ಗುಮಾಸ್ತರು ಉಳಿದಿದ್ದೇವೆ. ನಮ್ಮನ್ನು ಕಾಡುವುದು ಒದ್ದೆ ಪ್ಯಾಂಟು. ಅದರಲ್ಲೇ ಸಂಜೆಯವರೆಗೆ ಕುರ್ಚಿಗೆ ಅಂಟಿ ಕೂತರೆ ತೊಡೆಸಂದಿಗೆ ಹುಳುಕಡ್ಡಿ, ಶ್ರಾವಣದ ಹೊತ್ತಿಗೆ ಮುಲಾಮು. ಪ್ಲಾಸ್ಟಿಕ್ಕಿನ ಮಳೆಪ್ಯಾಂಟು ತೊಟ್ಟರೆ ಹೊರಗಿನ ನೀರು ಒಳಗೆ ಬರದು, ನಿಜ. ಒಳಗಿನ ಬೆವರೂ ಹೊರಗೆ ಹೋಗದು. ಪೆಡಲು ತುಳಿಯುವವನಿಗೆ ಎರಡೂ ಒಂದೇ.

ಹೀಗಾಗಿ ನಾವು ಸೈಕಲ್ ಚಡ್ಡಿಗೆ ಶರಣಾದೆವು. ಕಡತ ಬರೆಯಲು ನಮ್ಮ ಬಿ.ಎಸ್ಸಿ. ಎಂದೂ ಉಪಯೋಗಕ್ಕೆ ಬರಲಿಲ್ಲ, ಇಲ್ಲಿ ಬಂತು. ಹತ್ತಿಯ ನೂಲು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನೈಲಾನ್, ಲೈಕ್ರಾ ಅಷ್ಟು ಕುಡಿಯವು, ಬೇಗ ಒಣಗುತ್ತವೆ. ಬರಿಗಾಲಿಗಂತೂ ಒಂದು ಟವೆಲು ಸಾಕು. ಪ್ಯಾಂಟು, ಒಳಉಡುಪು ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗಿದ್ದು, ಆಫೀಸು ಮುಟ್ಟಿದ ಮೇಲೆ ಮೈಗೇರುತ್ತವೆ. ತೊಡಕೊಂದೇ: ಚಡ್ಡಿಯಲ್ಲಿ ಕೂರುವೆಡೆಯ ಮೆತ್ತೆ. ನೆನೆದರೆ ಅದು ಸಂಜೆಗೂ ಒಣಗದು. ಆಕಾಶದ ನೀರಿಗಿಂತ ಹಿಂದಿನ ಚಕ್ರ ಎರಚುವ ನೀರೇ ಅದನ್ನು ಹೆಚ್ಚು ನೆನೆಸುತ್ತದೆ. ಆದ್ದರಿಂದ ಮಡ್‌ಗಾರ್ಡ್ ಇಲ್ಲದ ಚೆಂದದ ಹೊಸ ಸೈಕಲ್ಲಿಗಿಂತ ಮಡ್‌ಗಾರ್ಡ್ ಇರುವ ಹಳೆಯದೇ ಲೇಸು. ವಾಪಸಿನ ಸವಾರಿಗೆ ಇನ್ನೊಂದು ಚಡ್ಡಿ ಮೇಜಿನ ಡ್ರಾಯರಿನಲ್ಲಿರಲಿ.

ಇಷ್ಟೆಲ್ಲ ವಿಜ್ಞಾನ ಮನೆಯ ಹೊಸ್ತಿಲಲ್ಲಿ ನಡೆಯುವುದಿಲ್ಲ. “ನಲವತ್ತು ದಾಟೇದ, ಹಿಂಗ ಚಡ್ಡಿ ಹಾಕ್ಕೊಂಡು ಹೊಂಟ್ರ ನಾಕು ಮಂದಿ ಏನಂದಾರ್ರೀ?” ಎಂಬ ಪ್ರಶ್ನೆಗೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಮಗಳು, ಗೆಳತಿಯರ ಶಾಲಾಬಸ್ಸು ದಾಟಿದ ಮೇಲೆಯೇ ಹೊರಡಿರೆಂದು ಕೇಳಿಕೊಳ್ಳುತ್ತಾಳೆ. ನಮ್ಮ ಗುಂಪಿನ ಇಬ್ಬರು ಈ ಸಂಕೋಚಕ್ಕೇ ಜೂನ್ ತಿಂಗಳಲ್ಲಿ ಸೈಕಲ್ ಒಳಗಿಟ್ಟರು. ದಸರೆ ಕಳೆದರೂ ಅದು ಹೊರಬರಲಿಲ್ಲ. ಒಬ್ಬರು ಈಗ ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಾರೆ.

ವಾಚಕ ಮಹಾಶಯರೇ, ಮಲೆನಾಡಿನ ನಾಟಿಯನ್ನು ನೆನೆಯಿರಿ. ತಲೆ, ಬೆನ್ನಿಗೆ ಗೊರಬು ಅಥವಾ ಕಂಬಳಿಕೊಪ್ಪೆ. ಮೊಣಕಾಲಿನ ಕೆಳಗೆ ಬರಿಗಾಲು. ಪುಣೆಯ ಪಡುವಣದ ಮಾವಳದಲ್ಲಿ ಭತ್ತ ನೆಡುವವರದೂ ಇದೇ ಪದ್ಧತಿ; ಅವರ ಗೊರಬಿನ ಹೆಸರು ‘ಇರ್ಲೆ’. ನೆನೆಯಲೇಬೇಕಾದ ಕಾಲನ್ನು ನೆನೆಯಲು ಬಿಟ್ಟು, ಬೆಚ್ಚಗಿರಬೇಕಾದ ಬೆನ್ನನ್ನು ಅವರು ಕಾದುಕೊಂಡರು. ನಾಲ್ಕು ಮಂದಿ ಏನಂದಾರೆಂಬ ಚಿಂತೆ ಅವರಿಗಿರಲಿಲ್ಲ, ಏಕೆಂದರೆ ಆ ನಾಲ್ಕು ಮಂದಿಯೂ ಅದೇ ಗದ್ದೆಯಲ್ಲಿದ್ದರು.

ನಮ್ಮ ಬಡಾವಣೆಯ ನಾಲ್ಕು ಮಂದಿಯೂ ಬರುವ ಮೃಗಶಿರೆಗೆ ಸೈಕಲ್ ಹೊರಗೆ ತರಲಿ. ಚಡ್ಡಿ ಎಲ್ಲಿ ಸಿಗುತ್ತದೆಂದು ನಾವು ತೋರಿಸುತ್ತೇವೆ.