ಮಂಜಿನೊಳಗಿನ ಕಿವಿ

ಹೊಗೆ ಕಣ್ಣಿಗೆ ಬಂತೇ? ತುಸು ಈಚೆ ಸರಿದು ಕೂಡಿ. ಹೊಗೆ ಕಂಡಾಗಲೆಲ್ಲ ನನಗೆ ಖಾನಾಪುರದ ಒಂದು ಮುಂಜಾನೆ ನೆನಪಾಗುತ್ತದೆ.

ಆಗ ನಾನು ಬೆಳಗಾವಿಯಲ್ಲಿ ಚಿತ್ರ ಕಲಿಯುತ್ತಿದ್ದೆ. ಚಿತ್ರಕಾರ ಕೆ.ಬಿ. ಕುಲಕರ್ಣಿಯವರ ಊರದು, ರವಿ ಪರಾಂಜಪೆಯಂಥವರು ಅವರ ಕೈಕೆಳಗೆ ಕಲಿತವರು. ಎದುರಿಗೆ ಕೂತ ಮನುಷ್ಯನನ್ನು ನೋಡಿಯೇ ಬರೆಯಬೇಕೆಂಬ ಶಿಸ್ತು ನಮ್ಮ ಮಾಸ್ತರರಿಗೂ ಇತ್ತು.

ನಾನು ಮಾತ್ರ ಖಾನಾಪುರದ ಸೋದರಮಾವನ ಭಾವಚಿತ್ರವನ್ನು ಫೋಟೊ ನೋಡಿ ಬರೆದು ಒಯ್ದಿದ್ದೆ. ಒಂದು ಸುಕ್ಕನ್ನೂ ಬಿಡದೆ ತಿದ್ದಿ, ಹಿಂದೆ ನೀಲಿ ತುಂಬಿದ್ದೆ. ಮಾಸ್ತರರು ಬಹಳ ಹೊತ್ತು ನೋಡಿದರು.

“ಮಾರಿ ಚಲೋ ಬಂದೈತಿ. ಆದ್ರ ಮಾವಗ ಉಸಿರಾಡಾಕ ಗಾಳಿನ ಇಲ್ಲಲ್ಲೋ ತಮ್ಮಾ.”

ಮರುದಿನ ಭಾನುವಾರ. ನಸುಕಿನ ರೈಲಿಗೆ ಇಬ್ಬರೂ ಖಾನಾಪುರಕ್ಕೆ ಹೊರಟೆವು.

ಮಾವ ಕುಂಬಾರ. ಹಿತ್ತಲಲ್ಲಿ ರಾತ್ರಿ ಹೊತ್ತಿಸಿದ್ದ ಆವಿಗೆ ಇನ್ನೂ ಹೊಗೆಯಾಡುತ್ತಿತ್ತು. ಮಲಪ್ರಭೆಯ ಕಡೆಯಿಂದ ಬಂದ ಮಂಜು ಆ ಹೊಗೆಯೊಡನೆ ಕೂಡಿ ಬೇಲಿ, ಗಿಡ, ಹಂಚಿನ ಮಾಡು ಎಲ್ಲಕ್ಕೂ ಒಂದೇ ಬೂದಿಬಣ್ಣ ಬಳಿದಿತ್ತು. ಅದರ ಮುಂದೆ ಮಾಸ್ತರರು ಮಾವನನ್ನು ಕೂಡಿಸಿದರು.

“ಕಣ್ಣ ಅರ್ಧ ಮುಚ್ಚಿ ನೋಡು. ಕಾಣದ ಗೆರಿ ಬರೀಬ್ಯಾಡ.”

ಹಾಗೆ ನೋಡಿದರೆ ಮಾವನ ಎಡಗಿವಿ ಇರಲೇ ಇಲ್ಲ! ನೆರಳ ಬದಿಯ ಕೆನ್ನೆ ಮೆಲ್ಲಗೆ ಹೊಗೆಯಲ್ಲಿ ಬೆರೆತುಹೋಗಿತ್ತು.

ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿ ಬಿಳಿ ಕೂಡಿಸಿದರೆ ಅಂಥದೇ ಬೂದಿ ಬರುತ್ತದೆ. ಅದನ್ನೇ ಹಿನ್ನೆಲೆಗೂ ನೆರಳ ಕೆನ್ನೆಗೂ ಹಚ್ಚಿಸಿದರು. ಬಣ್ಣ ಹಸಿಯಿರುವಾಗಲೇ ಮೆತ್ತನೆಯ ಒಣ ಕುಂಚದಿಂದ ಅಂಚು ಸವರಿಸಿದರು. ಬೆಳಕು ಬಿದ್ದ ಕಣ್ಣು, ಮೂಗಿನ ಹತ್ತಿರ ಮಾತ್ರ ಗೆರೆ ಚೂಪಾಗಿ ಉಳಿಯಿತು. ಮಾರಿ ತಾನಾಗಿ ಮುಂದೆ ಬಂತು. ಲಿಯೊನಾರ್ಡೊ ಮೋನಾ ಲೀಸಾಳ ತುಟಿಯಂಚನ್ನು ಹೀಗೇ ಕರಗಿಸಿದ್ದನೆಂದೂ, ಆ ಬಗೆಗಿರುವ ‘ಸ್ಫುಮಾಟೊ’ ಎಂಬ ಇಟಲಿಯ ಹೆಸರು ಹೊಗೆ ಎಂಬ ಮಾತಿನಿಂದಲೇ ಹುಟ್ಟಿದ್ದೆಂದೂ ಮಾಸ್ತರರು ಹೇಳಿದರು. ಆವಿಗೆಯ ಎದುರು ಕೂತವನಿಗೆ ಅದನ್ನು ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಬಿಸಿಲೇರಿ ಮಂಜು ಕರಗುವಷ್ಟರಲ್ಲಿ ಚಿತ್ರ ಮುಗಿಯಿತು. ಚಹಾ ತಂದ ಅತ್ತಿ ದಿಟ್ಟಿಸಿ ನೋಡಿ, “ಅಯ್ಯ, ಎಡಗಿವಿ ಎಲ್ಲಿ ಹೋತು?” ಎಂದಳು.

ಮಾವ ಎದ್ದು ಬಂದು, ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತ.

“ಐತಲ್ಲ. ಮಂಜಿನಾಗ ಐತಿ.”

ಮಾವ ತೀರಿಹೋಗಿ ಬಹಳ ವರ್ಷವಾಯಿತು. ಚಿತ್ರ ಅವರ ಪಡಸಾಲೆಯಲ್ಲೇ ಇದೆ. ಬಂದವರು ಯಾರಾದರೂ ಕಿವಿಯೆಲ್ಲಿ ಎಂದು ಕೇಳಿದರೆ ಈಗ ಅತ್ತಿಯೇ ಹೇಳುತ್ತಾಳೆ: “ಐತಿ, ಮಂಜಿನಾಗ ಐತಿ.”