ಚೊಗರಿನ ಅಂಗಿ

ನಮ್ಮ ಊರಿನಲ್ಲಿ ಅಡಿಕೆ ಕೊಯ್ದು ಹೆಕ್ಕುವ ದಿನಗಳಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ತೋಟಕ್ಕೆ ಇಳಿಯುವ ಹಾಗಿರಲಿಲ್ಲ. ಹಸಿ ಅಡಿಕೆಯ ರಸ ತಾಗಿತೆಂದರೆ ಆ ಕರೆ ಬಟ್ಟೆ ಹರಿದರೂ ಹೋಗದು. ಶಾಲೆಯ ಬಿಳಿ ಅಂಗಿಗೆ ಕರೆ ಮಾಡಿಕೊಂಡು ಬಂದು ಅಮ್ಮನಿಂದ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಅಂಥವನು ಅದೇ ಅಡಿಕೆಯ ಕರೆಗೆ ದುಡ್ಡು ಕೊಟ್ಟು ಅಂಗಿ ತಂದೆನೆಂದರೆ, ಅಮ್ಮ ಇದ್ದಿದ್ದರೆ ನಗುತ್ತಿದ್ದಳೋ ಮತ್ತೊಮ್ಮೆ ಬೈಯುತ್ತಿದ್ದಳೋ ತಿಳಿಯದು.

ಅಂಗಿ ಕೊಂಡದ್ದು ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ. ನೀನಾಸಂ ಶಿಬಿರಕ್ಕೆ ಹೋದವನು ಒಂದು ಮಧ್ಯಾಹ್ನ ಅಲ್ಲಿನ 'ಚರಕ'ಕ್ಕೆ ಕಾಲು ಹಾಕಿದೆ. ರಂಗಕರ್ಮಿ ಪ್ರಸನ್ನರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಹುಟ್ಟಿದ ಮಹಿಳೆಯರ ಸಹಕಾರ ಸಂಘ ಅದು. ಸುತ್ತಲಿನ ಹಳ್ಳಿಯ ಹೆಂಗಸರು ಅಲ್ಲಿ ಕೈಮಗ್ಗದಲ್ಲಿ ನೇಯುತ್ತಾರೆ, ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ಬಣ್ಣಗಳಲ್ಲಿ ಮುಖ್ಯವಾದದ್ದು ಅಡಿಕೆ ಚೊಗರು. ನಮ್ಮದು ಒಣಗಿಸಿ ಸುಲಿಯುವ ಚಾಲಿಯ ನಾಡು; ಮಲೆನಾಡಿನವರು ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ನೀರೇ ಚೊಗರು. ನಮ್ಮ ಬಟ್ಟೆಗಳನ್ನು ಕೆಡಿಸಿದ ಆ ಒಗರು ರಸವೇ ಅಲ್ಲಿ ಹದವಾಗಿ ನೂಲಿಗೆ ಹತ್ತಿ, ಹಳೆಯ ಹೆಂಚಿನ ಬಣ್ಣವಾಗಿ ಕೂತಿತ್ತು. ಬೆಲೆ ನೋಡಿ ಒಂದು ಗಳಿಗೆ ಹಿಂಜರಿದೆ. ಮಾರಾಟವಾಗದ ಬಟ್ಟೆ ರಾಶಿ ಬಿದ್ದು 2020ರಲ್ಲಿ ಈ ಸಂಘವೇ ಕಂಗಾಲಾಗಿದ್ದ ಸುದ್ದಿ ನೆನಪಾಯಿತು. ಕೊಂಡೆ. ಕೊಂಡ ಮೇಲೆ ದೊಡ್ಡ ಧರ್ಮಕಾರ್ಯ ಮಾಡಿದವನ ಹಾಗೆ ಎದೆ ಸ್ವಲ್ಪ ಉಬ್ಬಿದ್ದೂ ನಿಜ.

ಆ ಉಬ್ಬು ಇಳಿದದ್ದು ಗೋಕುಳ ಶಿರಗಾಂವದಲ್ಲಿ.

ಅಲ್ಲಿ ನಮ್ಮ ಅಕ್ಕ ಇದ್ದಾಳೆ. ದೊಡ್ಡಪ್ಪನ ಮಗಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ದೊಡ್ಡಪ್ಪ ಇಚಲಕರಂಜಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಮಗಳನ್ನೂ ಅಲ್ಲೇ ಒಂದು ಕನ್ನಡ ಮಾತಾಡುವ ನೇಕಾರರ ಮನೆಗೆ ಕೊಟ್ಟರು. ಭಾವನ ಹಿರಿಯರು ಬನಹಟ್ಟಿ ಕಡೆಯವರು. ಭಾವ ನಲುವತ್ತು ವರ್ಷ ಇಚಲಕರಂಜಿಯ ಪವರ್‌ಲೂಮಿನಲ್ಲಿ ದುಡಿದವರು. ಈಗ ಮಗನಿಗೆ ಗೋಕುಳ ಶಿರಗಾಂವದ ಕೈಗಾರಿಕಾ ವಸಾಹತಿನ ಒಂದು ಫೌಂಡ್ರಿಯಲ್ಲಿ ಕೆಲಸ. ಸಂಸಾರ ಅಲ್ಲಿಗೇ ಬಂದಿದೆ. ಬೆಳಗಾವಿಯಿಂದ ಹೊರಟು ನಿಪ್ಪಾಣಿ, ಕಾಗಲ್ ದಾಟಿದರೆ, ಕೊಲ್ಹಾಪುರ ತಲುಪುವ ಮೊದಲೇ ಹೆದ್ದಾರಿಯ ಬದಿಯಲ್ಲಿ ಸಿಗುವ ಊರು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ. ನಮ್ಮದೇ ಕಥೆ, ಆಚೆಯ ಭಾಷೆ ಮಾತ್ರ ಬೇರೆ.

ಹೋದ ಮರುದಿನ ಅಕ್ಕ ಪ್ರೀತಿಯಿಂದ ನನ್ನ ಬಟ್ಟೆಗಳನ್ನೆಲ್ಲ ಒಗೆದು ಹಾಕಿದಳು. ಹಗ್ಗದಲ್ಲಿ ಜಾಗ ಸಾಲದೆ ಈ ಅಂಗಿಯನ್ನು ಮಾಳಿಗೆಯ ಕಬ್ಬಿಣದ ಸರಳಿನ ಮೇಲೆ ಹರವಿದ್ದಳು. ರಾತ್ರಿ ಮಳೆ ಬಿದ್ದು ಸರಳು ತುಕ್ಕು ಕಾರಿತ್ತು. ಸಂಜೆ ನೋಡಿದರೆ ಎದೆಯಿಂದ ಬೆನ್ನಿನವರೆಗೆ ಮಸಿಯಂಥ ಕಪ್ಪು ಪಟ್ಟೆ. ಚೊಗರಿಗೂ ಕಬ್ಬಿಣಕ್ಕೂ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿಯನ್ನೂ ಹೀಗೆಯೇ ಮಾಡುತ್ತಿದ್ದರು.

"ಇದನ್ನು ಕಬ್ಬಿಣಕ್ಕೆ ತಾಗಿಸಬಾರದಿತ್ತು ಅಕ್ಕ," ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. "ಎಷ್ಟು ಕೊಟ್ಟಿದ್ದೆ ಮಾರಾಯಾ ಇದಕ್ಕೆ?" ಎಂದು ಮೆಲ್ಲನೆ ಕೇಳಿದಳು. ಹೇಳಬಾರದಿತ್ತು, ಹೇಳಿದೆ. ಸಾಲದ್ದಕ್ಕೆ ಊಟದ ಹೊತ್ತಿನಲ್ಲಿ ಕೈಮಗ್ಗದ ಮಹಿಮೆಯನ್ನೂ ವರ್ಣಿಸಿದೆ. ಕೈಯಿಂದ ನೇಯ್ದ ಬಟ್ಟೆಗೆ ಜೀವ ಇರುತ್ತದೆ, ಯಂತ್ರದ ಬಟ್ಟೆಗೆ ಅದಿಲ್ಲ ಎಂದೆಲ್ಲ.

ಭಾವನಿಗೆ ಕಿವಿ ಮಂದ. ಲೂಮಿನ ಸದ್ದಿನಲ್ಲಿ ಕಳೆದ ವರ್ಷಗಳು ಕಿವಿಯನ್ನು ತಿಂದುಹಾಕಿವೆ. ಅವರಿಗೆ ಕೇಳಿಸಲಿಕ್ಕಿಲ್ಲ ಎಂದುಕೊಂಡಿದ್ದೆ. ಅವರು ಕೈ ತೊಳೆದು ಬಂದು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡರು. ಬೆರಳಿನಿಂದ ತಡವಿ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಹಾಸಿನ ಎಳಿ ಹರದೈತಿ. ಆ ಹೆಣ್ಮಗಳು ಗಂಟು ಹಾಕ್ಯಾಳ ನೋಡು. ಚಲೋ ಗಂಟು."

ನನ್ನ ಕಣ್ಣಿಗೆ ಆ ಗಂಟು ಅಷ್ಟು ದಿನವೂ ಬಿದ್ದಿರಲಿಲ್ಲ. ಆಮೇಲೆ ಅವರು ನನ್ನ ಮುಖ ನೋಡದೆ ಹೇಳಿದರು: "ತಮ್ಮಾ, ನಾವೂ ದಿನಕ್ಕ ನೂರು ಗಂಟು ಹಾಕೀವಿ. ಯಂತ್ರ ಎಳಿ ಹರೀತೈತಿ, ಗಂಟು ಮಾತ್ರ ಮನಷ್ಯಾನs ಹಾಕಬೇಕು. ನಾವು ನೇಯ್ದದ್ದನ್ನ ದೇಶಾನs ಉಟ್ಕೊಂತು. ಯಾರ ಕೈ ಅಂತ ಯಾರೂ ಕೇಳಲಿಲ್ಲ."

ನಾನು ಉತ್ತರ ಹುಡುಕಿದೆ, ಸಿಗಲಿಲ್ಲ. ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರರ ಸಾಹಸದಿಂದ. ಅಲ್ಲಿಂದ ಆ ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಪವರ್‌ಲೂಮು ಕೈಮಗ್ಗದ ಅನ್ನ ಕಸಿಯಿತೆಂಬುದು ಸುಳ್ಳಲ್ಲ; ಸೀರೆ, ಧೋತಿ, ಲುಂಗಿಗಳಲ್ಲಿ ಕೆಲವನ್ನು ಕೈಮಗ್ಗಕ್ಕೇ ಮೀಸಲಿಡಲು 1985ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ನಮ್ಮ ಕಾಸರಗೋಡು ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದರೂ ನೇಯುವ ಕೈಗಳು ಕಡಿಮೆಯಾಗುತ್ತ ಬಂದಿವೆ. ಆದರೆ ಕೈಮಗ್ಗ ಬಿಟ್ಟ ನೇಕಾರನ ಮಗನೇ ಲೂಮಿನ ಮುಂದೆ ನಿಂತು ಕಿವಿ ಕಳೆದುಕೊಂಡನಲ್ಲ, ಅವನನ್ನು ಯಾವ ಪಕ್ಷಕ್ಕೆ ಸೇರಿಸುವುದು? ಅಮ್ಮ ಬೈಯುತ್ತಿದ್ದ ನನ್ನ ಶಾಲೆಯ ಅಂಗಿಯ ಬಟ್ಟೆ ಭಾವನಂಥವರ ಲೂಮಿನಿಂದಲೇ ಬಂದಿರಬಹುದು. ಅಗ್ಗದ ಅಂಗಿಯ ಬೆಲೆಯನ್ನು ನಾವು ಪೂರ್ತಿ ಕೊಟ್ಟಿರಲಿಲ್ಲ. ಉಳಿದ ಬಾಕಿಯನ್ನು ಅವರ ಕಿವಿ ತೀರಿಸಿತ್ತು.

ಹೊರಡುವ ದಿನ ಭಾವ ಹೇಳಿದರು: "ಅಂಗಿ ಇಲ್ಲೇ ಬಿಟ್ಟು ಹೋಗೋ. ಅದು ಕೆಟ್ಟಿಲ್ಲ, ಅರ್ಧಾ ಬಣ್ಣ ಆಗೇತಿ ಅಷ್ಟ. ನಮ್ಮಜ್ಜಿ ಕಬ್ಬಿಣದ ಚೂರು ಬೆಲ್ಲದ ನೀರಾಗ ಕೊಳಿ ಹಾಕಿ ಕರೀ ಬಣ್ಣ ಮಾಡತಿದ್ಲು. ಇಲ್ಲಿ ಬೆಲ್ಲಕ್ಕೂ ಬರ ಇಲ್ಲ, ಕಬ್ಬಿಣಕ್ಕೂ ಬರ ಇಲ್ಲ."

ಒಂದೂವರೆ ತಿಂಗಳ ಮೇಲೆ ಅಂಚೆಯಲ್ಲಿ ಪೊಟ್ಟಣ ಬಂತು. ಮಗ ತಂದ ಕಬ್ಬಿಣದ ಚೂರು, ಕೊಲ್ಹಾಪುರದ ಬೆಲ್ಲ, ಮೂರು ವಾರ ಕೊಳೆತ ನೀರು. ಕಬ್ಬಿಣ ಹೆಚ್ಚಾದರೆ ನೂಲು ಸುಟ್ಟು ಜೀರ್ಣವಾಗುತ್ತದೆಂದು ಭಾವ ಬಹಳ ತೆಳ್ಳಗೆ ಅದ್ದಿದ್ದರಂತೆ. ಅಂಗಿ ಈಗ ಆಷಾಢದ ಮೋಡದ ಬಣ್ಣ. ಆ ಪಟ್ಟೆ ಪೂರ್ತಿ ಅಡಗಿಲ್ಲ; ಬಿಸಿಲಿಗೆ ಹಿಡಿದರೆ ಕಾಣುತ್ತದೆ. ಜೊತೆಗಿದ್ದ ಚೀಟಿಯಲ್ಲಿ ಅಕ್ಕ, "ಇನ್ನು ಎಲ್ಲಿ ಒಣಗಿಸಿದರೂ ಬೈಯುವ ಹಾಗಿಲ್ಲ," ಎಂದು ಬರೆದಿದ್ದಳು.

ಫೋನು ಮಾಡಿದೆ. ಭಾವನಿಗೆ ಕೇಳಿಸಲಿ ಎಂದು ಕೂಗಿ ಕೂಗಿ ಹೇಳಿದೆ. ಏನು ಕೇಳಿಸಿತೋ, "ಗಂಟು ಬಿಚ್ಚಿಲ್ಲಲ್ಲ?" ಎಂದಷ್ಟೇ ಕೇಳಿದರು.

ಬಿಚ್ಚಿಲ್ಲ. ಅಂಗಿ ಹಾಕುವಾಗಲೆಲ್ಲ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಈಗ ಅಂಗಡಿಯಿಂದ ತಂದ ಬೇರೆ ಅಂಗಿಗಳಲ್ಲಿಯೂ ಗಂಟು ಹುಡುಕುವ ಅಭ್ಯಾಸವಾಗಿದೆ.